ಮುಲ್ಲರ್ ಎಂಬ ಜರ್ಮನ್ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಈ ಹೆಸರು ಹೊಸದಲ್ಲ. ಕಂಕನಾಡಿ ಬಂತು ಅಂದರೆ ಯಾರಾದರೂ ಒಬ್ಬರು "ಫಾದರ್ ಮುಲ್ಲರ್ ಇಳಿಯುವವರಿದ್ದೇವೆ" ಎನ್ನುತ್ತಾರೆ. ಚಿಕ್ಕಂದಿನಲ್ಲಿ ನನಗೆ ಅದು ಬರೀ ಆಸ್ಪತ್ರೆಯ ಹೆಸರು. ಜರ್ಮನ್ ಕಲಿಯಲು ಕೂತಾಗ ಮೊದಲ ಪಾಠದಲ್ಲೇ ಮತ್ತೊಬ್ಬ ಮುಲ್ಲರ್ ಎದುರಾದರು. ಆಮೇಲೆ ಎಲ್ಲಿ ನೋಡಿದರೂ ಮುಲ್ಲರ್. ಅಂದಿನಿಂದ ಈ ಹೆಸರಿನ ಹಿಂದೆ ಬಿದ್ದಿದ್ದೇನೆ. ನೆಂಟರು, ಗೆಳೆಯರು, ಜರ್ಮನಿಗೆ ಓದಲು ಹೊರಟ ಹುಡುಗರು ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಮುಲ್ಲರ್ ಅಂದರೆ ಏನು?

ಹಿಟ್ಟಿನ ಗಿರಣಿಯವನು. ಕಾಳು ಬೀಸಿಕೊಡುವವನು. ಅಷ್ಟೇ.

ಜರ್ಮನ್ ಭಾಷೆಯಲ್ಲಿ ಗಿರಣಿಗೆ 'ಮ್ಯೂಲೆ' ಅನ್ನುತ್ತಾರೆ, ಬೀಸುವುದಕ್ಕೆ 'ಮಾಲೆನ್'. ಗಿರಣಿ ನಡೆಸುವವನು ಮುಲ್ಲರ್. ನಮ್ಮ ಉತ್ತರ ಕರ್ನಾಟಕದಲ್ಲಿ ಕುಂಬಾರ, ಬಡಿಗೇರ, ಪತ್ತಾರ, ಹೂಗಾರ ಅಂತ ಅಡ್ಡಹೆಸರು ಇರುತ್ತವಲ್ಲ, ಆ ಗುಂಪಿಗೆ ಸೇರಿದ ಹೆಸರಿದು. ಕೆಲಸವೇ ಹೆಸರಾಗಿದೆ.

ಹಾಗಾದರೆ ಇದು ಜಾತಿಯ ಹೆಸರಾ?

ಅಲ್ಲ. ನಮ್ಮವರು ಮೊದಲು ಕೇಳುವ ಪ್ರಶ್ನೆ ಇದೇ. ಹೆಸರು ಕೆಲಸದಿಂದ ಬಂದಿದ್ದು ನಿಜ. ಆದರೆ ಮುಲ್ಲರ್ ಮನೆಯವರು ಮುಲ್ಲರ್ ಮನೆಯಲ್ಲೇ ಮದುವೆಯಾಗಬೇಕು ಎಂಬ ಕಟ್ಟುಪಾಡು ಇರಲಿಲ್ಲ. ಕ್ಯಾಥೊಲಿಕರಲ್ಲೂ ಪ್ರಾಟೆಸ್ಟೆಂಟರಲ್ಲೂ ಯಹೂದಿಗಳಲ್ಲೂ ಮುಲ್ಲರ್ ಇದ್ದಾರೆ. ಹೆಸರು ಕೇಳಿ ಧರ್ಮ ಹೇಳಲು ಆಗುವುದಿಲ್ಲ.

ಗಿರಣಿ ಅಪ್ಪನಿಂದ ಮಗನಿಗೆ ಹೋಗುತ್ತಿದ್ದದ್ದು ಉಂಟು. ಒಂದು ಗಿರಣಿಯ ಮನೆಯಿಂದ ಇನ್ನೊಂದು ಗಿರಣಿಯ ಮನೆಗೆ ಹೆಣ್ಣು ಕೊಟ್ಟು ತರುತ್ತಿದ್ದದ್ದೂ ಉಂಟು. ಹಾಗಿದ್ದರೂ ಅದು ಕಸುಬಿನ ಅನುಕೂಲ, ಹುಟ್ಟಿನ ನಿಯಮ ಅಲ್ಲ.

ಈ ಪದ ಜರ್ಮನ್ನರದ್ದೇನಾ?

ಹುಟ್ಟಿನಿಂದ ಅಲ್ಲ, ಲ್ಯಾಟಿನ್‌ನಿಂದ ಬಂದದ್ದು. ಲ್ಯಾಟಿನ್‌ನಲ್ಲಿ 'ಮೊಲೆರೆ' ಅಂದರೆ ಬೀಸು, 'ಮೊಲಿನಾ' ಅಂದರೆ ಗಿರಣಿ, 'ಮೊಲಿನಾರಿಯುಸ್' ಅಂದರೆ ಗಿರಣಿಯವನು. ಹಳೆಯ ಜರ್ಮನ್‌ನಲ್ಲಿ ಅದು 'ಮುಲಿನಾರಿ' ಆಯಿತು. ನಡುಗಾಲದಲ್ಲಿ 'ಮ್ಯುಲ್ನೆರ್' ಆಯಿತು. ಆಡುತ್ತಾ ಆಡುತ್ತಾ ನಡುವಿನ 'ಲ್ನ' ಸವೆದು 'ಲ್ಲ' ಆಗಿ ಮುಲ್ಲರ್ ಉಳಿಯಿತು. ಸವೆಯದೆ ಉಳಿದ ಹಳೆಯ ರೂಪವೂ ಇದೆ: ಮ್ಯುಲ್ನರ್ ಎಂಬ ಅಡ್ಡಹೆಸರಿನವರು ಈಗಲೂ ಸಿಗುತ್ತಾರೆ.

ಇಲ್ಲಿ ನನಗೆ ತುಂಬಾ ಹಿಡಿಸುವ ಒಂದು ಸಂಗತಿ ಇದೆ. ಬೀಸುವ ಕಲ್ಲು ಜರ್ಮನ್ನರಲ್ಲೂ ಮೊದಲಿನಿಂದ ಇತ್ತು. ಕೈಯಲ್ಲಿ ತಿರುಗಿಸುವ ಆ ಕಲ್ಲಿಗೆ ಅವರದೇ ಪದ ಇತ್ತು: 'ಕ್ವಿರ್ನ್'. ಆದರೆ ನೀರಿನ ಬಲದಿಂದ ತಾನಾಗಿ ತಿರುಗುವ ಗಿರಣಿಯನ್ನು ತಂದವರು ರೋಮನ್ನರು. ಯಂತ್ರದ ಜೊತೆ ಹೆಸರೂ ಬಂತು, ನಾವು ಬಸ್ಸು ರೈಲುಗಳ ಜೊತೆ ಆ ಪದಗಳನ್ನೂ ತೆಗೆದುಕೊಂಡ ಹಾಗೆ. 4ನೇ ಶತಮಾನದ ರೋಮನ್ ಕವಿ ಔಸೋನಿಯುಸ್ ಮೊಸೆಲ್ ನದಿಯ ಮೇಲೆ ಬರೆದ ಕವಿತೆಯಲ್ಲಿ, ಟ್ರಿಯರ್ ಊರಿನ ಹತ್ತಿರ ರೂವರ್ ಹೊಳೆಯಲ್ಲಿ ತಿರುಗುವ ಗಿರಣಿಗಳ ಮಾತು ಬರುತ್ತದೆ. ಮುಲ್ಲರ್ ಹೆಸರು ದಟ್ಟವಾಗಿರುವ ಜಾಗಗಳಲ್ಲಿ ಇವತ್ತಿಗೂ ಆ ಸೀಮೆ ಒಂದು.

ಸರಿಯಾದ ಉಚ್ಚಾರಣೆ ಹೇಗೆ?

ಕನ್ನಡದ ಯಾವ ಅಕ್ಷರವೂ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಹೀಗೆ ಮಾಡಿ ನೋಡಿ. 'ಉ' ಅನ್ನುವಾಗ ತುಟಿ ದುಂಡಗಾಗುತ್ತದೆ ಅಲ್ವಾ? ತುಟಿಯನ್ನು ಹಾಗೇ ಇಟ್ಟುಕೊಂಡು ಒಳಗಿಂದ 'ಇ' ಅನ್ನಿ. ಬರುವ ಸ್ವರವೇ ಅದು. ಕೊನೆಯ 'ರ್' ಅನ್ನು ಜರ್ಮನ್ನರು ಗಟ್ಟಿಯಾಗಿ ನುಡಿಯುವುದಿಲ್ಲ, 'ಅ' ಅಂದ ಹಾಗೆ ಕೇಳಿಸುತ್ತದೆ. ಹತ್ತಿರ ಹತ್ತಿರ 'ಮ್ಯುಲಾ'. ಬರೆಯುವಾಗ ಎರಡು 'ಎಲ್' ಇದ್ದರೂ ನಾಲಿಗೆ ಒತ್ತುವುದಿಲ್ಲ. ಹಿಂದಿನ ಸ್ವರ ಚಿಕ್ಕದು ಎಂದು ತೋರಿಸುವುದಷ್ಟೇ ಅದರ ಕೆಲಸ.

ಕನ್ನಡದಲ್ಲಿ ಬರೆಯುವಾಗ ಮುಲ್ಲರ್ ಎಂದೇ ಬರೆಯಿರಿ. ನೂರು ವರ್ಷಕ್ಕೂ ಮೇಲೆ ಬಾಯಲ್ಲಿ ಪಳಗಿದ ರೂಪ ಅದು.

ಇಂಗ್ಲಿಷ್‌ನಲ್ಲಿ ಬರೆಯುವಾಗ 'ಯು' ಮುಂದೆ 'ಇ' ಯಾಕೆ ಬರುತ್ತದೆ?

ಜರ್ಮನ್‌ನಲ್ಲಿ 'ಯು' ಅಕ್ಷರದ ಮೇಲೆ ಎರಡು ಚುಕ್ಕೆ ಇರುತ್ತದೆ. ಆ ಚುಕ್ಕೆ ಹಾಕಲು ಆಗದ ಕಡೆ 'ಯು' ನಂತರ 'ಇ' ಬರೆಯುವುದು ಜರ್ಮನ್ನರೇ ಒಪ್ಪಿದ ಪದ್ಧತಿ. ಚುಕ್ಕೆ ಬಿಟ್ಟು ಬರೀ 'ಯು' ಬರೆದರೆ ಅವರ ಕಣ್ಣಿಗೆ ಅದು ಬೇರೆಯೇ ಹೆಸರು.

ಜರ್ಮನ್ನರನ್ನು ಮದುವೆಯಾದವರು ಇದನ್ನು ಗಮನಿಸಬೇಕು. ಜರ್ಮನ್ ಪಾಸ್‌ಪೋರ್ಟಿನಲ್ಲಿ ಹೆಸರಿನ ಸಾಲಿನಲ್ಲಿ ಚುಕ್ಕೆ ಇರುತ್ತದೆ. ಅದೇ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲಿನಲ್ಲಿ 'ಇ' ಸೇರಿಸಿದ ರೂಪ ಇರುತ್ತದೆ. ವಿಮಾನದ ಟಿಕೆಟ್ಟು, ವೀಸಾ ಅರ್ಜಿಗೆ ಆ ಕೆಳಗಿನ ರೂಪವನ್ನೇ ಹಾಕಿ. ನಮ್ಮ ಕಡೆ ಒಂದು ಕಚೇರಿಯಲ್ಲಿ ಮದುವೆ ನೋಂದಣಿಗೆ ಹೋದ ನನ್ನ ಗೆಳತಿಗೆ "ಇವು ಎರಡು ಬೇರೆ ಬೇರೆ ಹೆಸರು" ಎಂದು ವಾಪಸ್ ಕಳಿಸಿದ್ದರು. ಪಾಸ್‌ಪೋರ್ಟಿನ ಒಂದೇ ಪುಟದಲ್ಲಿ ಎರಡೂ ರೂಪ ಇರುವುದನ್ನು ಬೆರಳಿಟ್ಟು ತೋರಿಸಿದ ಮೇಲೆ ಕೆಲಸ ಆಯಿತು.

ಜರ್ಮನಿಯಲ್ಲಿ ಎಷ್ಟು ಜನ ಮುಲ್ಲರ್ ಇದ್ದಾರೆ?

ಅಲ್ಲಿ ಎಲ್ಲಕ್ಕಿಂತ ಸಾಮಾನ್ಯ ಅಡ್ಡಹೆಸರು ಇದು. ಸುಮಾರು 7 ಲಕ್ಷ ಜನ ಎಂಬ ಅಂದಾಜಿದೆ. ನೂರು ಜನರನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಒಬ್ಬರು ಮುಲ್ಲರ್. ನಂತರ ಬರುವ ಹೆಸರುಗಳು ಶ್ಮಿಟ್, ಶ್ನೈಡರ್, ಫಿಷರ್, ವೇಬರ್. ಅಂದರೆ ಕಮ್ಮಾರ, ಸಿಂಪಿಗ, ಮೀನುಗಾರ, ನೇಕಾರ. ಮೊದಲ ಐದೂ ಕಸುಬಿನ ಹೆಸರುಗಳೇ.

ಸ್ವಿಟ್ಜರ್ಲೆಂಡಿನಲ್ಲೂ ಮೊದಲ ಸ್ಥಾನ ಮುಲ್ಲರ್‌ನದೇ.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಈ ಮೊದಲ ಸ್ಥಾನದಲ್ಲಿ ಕಾಗುಣಿತದ ಪಾಲೂ ಇದೆ. ಕಮ್ಮಾರನ ಹೆಸರು ಶ್ಮಿಟ್, ಶ್ಮಿಡ್, ಶ್ಮಿಟ್ಸ್ ಎಂದು ಹಲವು ರೀತಿ ಬರೆದು ಚೂರಾಗಿದೆ. ಆ ಚೂರುಗಳನ್ನೆಲ್ಲ ಒಟ್ಟು ಮಾಡಿದರೆ ಕಮ್ಮಾರರೇ ಮುಂದೆ. ಮುಲ್ಲರ್ ಹೆಚ್ಚು ಕಡೆ ಒಂದೇ ಕಾಗುಣಿತದಲ್ಲಿ ಉಳಿಯಿತು, ಅದಕ್ಕೇ ಪಟ್ಟಿಯ ತಲೆಯಲ್ಲಿದೆ.

ಒಂದು ಊರಿಗೆ ಒಬ್ಬನೇ ಗಿರಣಿಯವನು. ಮತ್ತೆ ಹೆಸರು ಯಾಕೆ ಇಷ್ಟು ಜಾಸ್ತಿ?

ಒಬ್ಬನೇ ಇದ್ದದ್ದಕ್ಕೇ ಜಾಸ್ತಿ! ಯೋಚನೆ ಮಾಡಿ. ಊರ ತುಂಬ ರೈತರೇ ಇದ್ದರೆ "ರೈತ ಹಾನ್ಸ್" ಅಂದರೆ ಯಾರು ಅಂತ ಗೊತ್ತಾಗುತ್ತದಾ? ಆದರೆ "ಗಿರಣಿಯ ಹಾನ್ಸ್" ಅಂದರೆ ಮಗುವಿಗೂ ಗೊತ್ತು. ಹೆಸರು ಹುಟ್ಟುವುದು ಗುರುತು ಹಿಡಿಯಲು. ಊರಿಗೊಬ್ಬ ಇದ್ದವನಿಗೆ ಕಸುಬಿನ ಹೆಸರು ಸುಲಭವಾಗಿ ಅಂಟಿಕೊಂಡಿತು. ಹಾಗೆ ಸಾವಿರಾರು ಊರುಗಳಲ್ಲಿ, ಒಬ್ಬರಿಗೊಬ್ಬರಿಗೆ ಸಂಬಂಧ ಇಲ್ಲದೆ, ಬೇರೆ ಬೇರೆಯಾಗಿ ಅಂಟಿಕೊಂಡಿತು.

ಇನ್ನೊಂದು ಕಾರಣ, ಗಿರಣಿಗೆ ಹೋಗದೆ ಯಾರಿಗೂ ಗತಿ ಇರಲಿಲ್ಲ. ಬಟ್ಟೆ ಮನೆಯಲ್ಲೇ ಹೊಲಿದುಕೊಳ್ಳಬಹುದು. ಆದರೆ ಅವರ ಊಟ ಅಂದರೆ ರೊಟ್ಟಿ ಮತ್ತು ಗಂಜಿ. ಅದಕ್ಕೆ ಹಿಟ್ಟು ಬೇಕೇ ಬೇಕು. ಅದರ ಮೇಲೆ ಜಮೀನ್ದಾರನ ಕಟ್ಟಳೆ ಬೇರೆ. ಎಷ್ಟೋ ಸೀಮೆಗಳಲ್ಲಿ ರೈತರು ತಮ್ಮ ಒಡೆಯನ ಗಿರಣಿಯಲ್ಲೇ ಬೀಸಿಸಬೇಕಿತ್ತು, ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಪ್ರಷ್ಯ ರಾಜ್ಯದಲ್ಲಿ ಈ ಕಟ್ಟಳೆ ಹೋದದ್ದು 19ನೇ ಶತಮಾನದ ಆರಂಭದಲ್ಲಿ. ಅಷ್ಟೂ ಕಾಲ ಗಿರಣಿಯವನು ಎಲ್ಲರಿಗೂ ಪರಿಚಿತ.

ಗಿರಣಿಯವನಿಗೆ ಊರಲ್ಲಿ ಗೌರವ ಇತ್ತಾ?

ಇದು ದೊಡ್ಡ ಕಥೆ. ಬೇಕೇ ಬೇಕಾದ ಮನುಷ್ಯ, ಆದರೆ ಯಾರೂ ಪೂರ್ತಿ ನಂಬದ ಮನುಷ್ಯ.

ಅವನ ಮನೆ ಊರ ಒಳಗೆ ಇರುತ್ತಿರಲಿಲ್ಲ. ಹೊಳೆ ಎಲ್ಲಿ ರಭಸವಾಗಿ ಹರಿಯುತ್ತದೋ ಅಲ್ಲಿ, ಊರಿಂದ ದೂರ. ರಾತ್ರಿಯೂ ಚಕ್ರ ತಿರುಗುತ್ತಿತ್ತು. ಕೂಲಿಯನ್ನು ದುಡ್ಡಿನಲ್ಲಿ ಕೊಡುತ್ತಿರಲಿಲ್ಲ. ತಂದ ಕಾಳಿನಲ್ಲೇ ಅವನು ಒಂದು ಪಾಲು ಅಳೆದು ತೆಗೆದುಕೊಳ್ಳುತ್ತಿದ್ದ. ಹಲವು ಕಡೆ ಅದು ಹದಿನಾರರಲ್ಲಿ ಒಂದು ಪಾಲು. ನಮ್ಮ ಹಳ್ಳಿಗಳಲ್ಲಿ ಆಯಗಾರರಿಗೆ ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರಲ್ಲ, ಅದನ್ನು ನೆನೆಸಿಕೊಳ್ಳಿ. ವ್ಯತ್ಯಾಸ ಏನೆಂದರೆ, ಇಲ್ಲಿ ಅಳೆಯುವ ಪಾತ್ರೆ ಅವನ ಕೈಯಲ್ಲೇ ಇತ್ತು. ಬೀಸುವಾಗ ಹಿಟ್ಟು ಹಾರಿ ಹೋಗುವುದೂ ಉಂಟು. ಕಾಳಿಗಿಂತ ಹಿಟ್ಟು ಕಡಿಮೆ ಬಂದರೆ "ಇವನೇ ಕದ್ದ" ಎಂಬ ಅನುಮಾನ ಬಾರದೇ ಇರುತ್ತದಾ?

ಆ ಅನುಮಾನ ಎಷ್ಟು ಬೆಳೆಯಿತು ಎಂದರೆ ಕೆಲವು ಸೀಮೆಗಳಲ್ಲಿ ಗಿರಣಿಯವನ ಮಕ್ಕಳನ್ನು ಬೇರೆ ಕಸುಬಿನ ಸಂಘಗಳು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. 1548ರಲ್ಲಿ ಆ ಸೀಮೆಗಳನ್ನು ಆಳುತ್ತಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಕಾನೂನೇ ನಡುವೆ ಬಂದು, ನೇಕಾರ, ಕ್ಷೌರಿಕ, ಕುರುಬ, ಗಿರಣಿಯವ ಮುಂತಾದವರ ಮಕ್ಕಳನ್ನು ಹೊರಗಿಡಬಾರದು ಎಂದು ಹೇಳಬೇಕಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ತಮ್ಮ ಅನ್ನಕ್ಕೆ ಹಿಟ್ಟು ಕೊಟ್ಟವನ ಮಗನನ್ನೇ ಹೊರಗೆ ನಿಲ್ಲಿಸುವುದು ನಮಗೆ ಗೊತ್ತಿಲ್ಲದ ವಿಷಯವಲ್ಲ.

ಆದರೆ ಅದೇ ಗಿರಣಿಗೆ ಕಾನೂನಿನ ವಿಶೇಷ ಕಾವಲೂ ಇತ್ತು. 13ನೇ ಶತಮಾನದ ಸ್ಯಾಕ್ಸನಿ ಸೀಮೆಯ ಕಟ್ಟಳೆ ಗ್ರಂಥದಲ್ಲಿ ನೇಗಿಲು, ಗಿರಣಿ, ಚರ್ಚುಗಳಿಂದ ದೋಚಿದವನಿಗೆ ಘೋರ ಶಿಕ್ಷೆ ಇದೆ. ಅದೇ ಗ್ರಂಥದಲ್ಲಿ "ಗಿರಣಿಗೆ ಮೊದಲು ಬಂದವನು ಮೊದಲು ಬೀಸಿಸಿಕೊಳ್ಳಲಿ" ಎಂಬ ನಿಯಮವೂ ಇದೆ. ಅದು ಗಾದೆಯಾಗಿ ಇವತ್ತೂ ಜರ್ಮನ್ನರ ಬಾಯಲ್ಲಿದೆ. ಟಿಕೆಟ್ ಸಾಲಿನಲ್ಲಿ, ಸೀಟು ಹಿಡಿಯುವಾಗ, ಎಲ್ಲೆಲ್ಲೂ ಹೇಳುತ್ತಾರೆ. ಗಿರಣಿಯನ್ನೇ ನೋಡದ ಮಕ್ಕಳೂ ಹೇಳುತ್ತಾರೆ.

ಎಲ್ಲ ಮುಲ್ಲರ್‌ಗಳೂ ದೂರದ ಸಂಬಂಧಿಗಳೇ ಇರಬೇಕಲ್ಲ?

ಇಲ್ಲ. ಎಲ್ಲಿ ಗಿರಣಿ ಇತ್ತೋ ಅಲ್ಲೆಲ್ಲ ಹೆಸರು ಹೊಸದಾಗಿ ಹುಟ್ಟಿದೆ. ಫುಟ್‌ಬಾಲ್ ನೋಡುವವರಿಗೆ ಒಂದು ಉದಾಹರಣೆ. ಗೆರ್ಡ್ ಮುಲ್ಲರ್ 1974ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವರು. ಥಾಮಸ್ ಮುಲ್ಲರ್ 2014ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದವರು. ಇಬ್ಬರೂ ಬಯರ್ನ್ ಮ್ಯೂನಿಕ್ ತಂಡಕ್ಕೆ ಆಡಿದವರು. ಇಬ್ಬರೂ ವಿಶ್ವಕಪ್‌ನಲ್ಲಿ 13ನೇ ನಂಬರಿನ ಅಂಗಿ ಹಾಕಿದವರು. ಆದರೂ ಸಂಬಂಧಿಕರಲ್ಲ.

ಇದು ಯಾವ ಕಾಲದಲ್ಲಿ ಮನೆತನದ ಹೆಸರಾಗಿ ಗಟ್ಟಿಯಾಯಿತು?

12ನೇ ಶತಮಾನದಿಂದ ದೊಡ್ಡ ಪಟ್ಟಣಗಳಲ್ಲಿ ಅಡ್ಡಹೆಸರು ಶುರುವಾಯಿತು. ಜನ ಜಾಸ್ತಿಯಾದರು, ಒಂದೇ ಓಣಿಯಲ್ಲಿ ನಾಲ್ಕು ಜನ ಯೋಹಾನ್ ಇರುವ ಹಾಗಾಯಿತು. ತೆರಿಗೆ ಪಟ್ಟಿ ಬರೆಯುವವನಿಗೆ ಗುರುತು ಬೇಕಿತ್ತು. ಮೊದಮೊದಲು ಹೆಸರು ಆ ಮನುಷ್ಯನಿಗೆ ಮಾತ್ರ. ಅಪ್ಪ ಗಿರಣಿಯವನಾದರೆ ಮುಲ್ಲರ್, ಮಗ ಕಮ್ಮಾರನಾದರೆ ಶ್ಮಿಟ್. ನಿಧಾನವಾಗಿ ಅದು ನಿಂತು, ಮಗ ಏನೇ ಕೆಲಸ ಮಾಡಲಿ ಅಪ್ಪನ ಹೆಸರೇ ಮುಂದುವರಿಯಿತು.

ಹಳ್ಳಿಗಳಿಗೆ ಇದು ಬರಲು ಇನ್ನೂ ಕಾಲ ಹಿಡಿಯಿತು. ಉತ್ತರದ ಫ್ರೀಸ್‌ಲ್ಯಾಂಡ್ ಕಡೆ ಅಪ್ಪನ ಹೆಸರನ್ನೇ ಹಿಂದೆ ಹಚ್ಚಿಕೊಳ್ಳುತ್ತಿದ್ದರು. ಅಲ್ಲಿ 1811ರಲ್ಲಿ ನೆಪೋಲಿಯನ್ ಆಜ್ಞೆ ಹೊರಡಿಸಬೇಕಾಯಿತು. 1876ರಲ್ಲಿ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ಜನನ, ಮರಣ ನೋಂದಣಿ ಬಂತು. ಅಲ್ಲಿಂದ ಕಾಗುಣಿತವೂ ನಿಂತಲ್ಲೇ ನಿಂತಿತು.

ಜರ್ಮನಿಯಲ್ಲಿ ಯಾವ ಕಡೆ ಮುಲ್ಲರ್ ಜಾಸ್ತಿ?

ನಡುವಿನಲ್ಲಿ ಮತ್ತು ನೈಋತ್ಯದಲ್ಲಿ. ಸಾರ್‌ಲ್ಯಾಂಡ್, ರೈನ್‌ಲ್ಯಾಂಡ್, ಹೆಸ್ಸೆ, ತುರಿಂಗಿಯಾ ಕಡೆ. ಉತ್ತರಕ್ಕೆ ಹೋದರೆ ಅದೇ ಹೆಸರು 'ಮೊಲ್ಲರ್' ಆಗುತ್ತದೆ. ಅಲ್ಲಿನ ಆಡುನುಡಿಯಲ್ಲಿ ಗಿರಣಿಗೆ 'ಮೋಲೆ' ಎನ್ನುವುದೇ ಕಾರಣ. ದಕ್ಷಿಣದ ಬವೇರಿಯಾ, ಸ್ವೇಬಿಯಾ ಕಡೆ 'ಮಿಲ್ಲರ್' ಸಿಗುತ್ತದೆ, ಏಕೆಂದರೆ ಅಲ್ಲಿನವರು ತುಟಿ ದುಂಡಗೆ ಮಾಡದೆ ಸೀದಾ 'ಇ' ಅನ್ನುತ್ತಾರೆ. ಗಡಿ ದಾಟಿ ಫ್ರಾನ್ಸಿನ ಅಲ್ಸಾಸ್, ಲೊರೇನ್‌ಗೆ ಹೋದರೆ ಚುಕ್ಕೆ ಬಿದ್ದುಹೋಗಿ ಬರೀ 'ಯು' ಉಳಿದಿದೆ.

ಮುಂದೆ ಪದ ಸೇರಿದ ಹೆಸರುಗಳೂ ಇವೆಯಲ್ಲ?

ಇವೆ, ಒಂದೊಂದೂ ಒಂದು ಗಿರಣಿಯ ವಿಳಾಸ ಹೇಳಿದ ಹಾಗೆ. ಓಬರ್‌ಮುಲ್ಲರ್ ಅಂದರೆ ಮೇಲಿನ ಗಿರಣಿಯವನು. ನೊಯ್‌ಮುಲ್ಲರ್ ಅಂದರೆ ಹೊಸ ಗಿರಣಿಯವನು. ವಿಂಡ್‌ಮುಲ್ಲರ್ ಗಾಳಿಯಿಂದ ತಿರುಗುವ ಗಿರಣಿಯವನು. ಜಾಗ್‌ಮುಲ್ಲರ್ ಮರ ಕೊಯ್ಯುವವನು. ಲೋಮುಲ್ಲರ್ ಚರ್ಮ ಹದ ಮಾಡಲು ಮರದ ತೊಗಟೆ ಪುಡಿ ಮಾಡುವವನು. ಎಣ್ಣೆ ತೆಗೆಯುವ ಓಲ್‌ಮುಲ್ಲರ್ ಕೂಡ ಇದ್ದಾನೆ, ನಮ್ಮ ಗಾಣಿಗ. ನೀರಿನ ಚಕ್ರ ಒಂದಿದ್ದರೆ ಅದಕ್ಕೆ ಏನನ್ನು ಬೇಕಾದರೂ ಜೋಡಿಸಬಹುದು ಎಂಬುದು ಈ ಹೆಸರುಗಳಲ್ಲೇ ಕಾಣುತ್ತದೆ.

ವೈಸ್‌ಮುಲ್ಲರ್ ಅಂದರೆ 'ಬಿಳಿ' ಗಿರಣಿಯವನು, ಬಿಳಿ ಗೋಧಿ ಹಿಟ್ಟು ಮಾಡುವವನು. ಒಲಿಂಪಿಕ್ಸ್ ಈಜಿನಲ್ಲಿ 5 ಚಿನ್ನ ಗೆದ್ದು ಆಮೇಲೆ ಸಿನಿಮಾದಲ್ಲಿ ಟಾರ್ಜನ್ ಆದ ಜಾನಿ ವೈಸ್‌ಮುಲ್ಲರ್ ಈ ಹೆಸರಿನವರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾರ್ಟಿನ್ ವಾಲ್ಡ್‌ಸೇಮುಲ್ಲರ್. 1507ರಲ್ಲಿ ಹೊಸ ಖಂಡಕ್ಕೆ 'ಅಮೆರಿಕ' ಎಂದು ಹೆಸರಿಟ್ಟು ಮೊದಲು ಭೂಪಟ ಮಾಡಿದವರು ಇವರ ತಂಡ. ಇವರ ಮನೆತನದ ಹೆಸರು ವಾಲ್ಟ್ಸೆಮುಲ್ಲರ್ ಎಂದಿತ್ತು. ಅದನ್ನು ಇವರು 'ಕಾಡಿನ ಕೆರೆಯ ಗಿರಣಿಯವನು' ಎಂದು ಅರ್ಥ ಬರುವಂತೆ ತಿದ್ದಿಕೊಂಡರು. ಅಷ್ಟಕ್ಕೇ ನಿಲ್ಲದೆ ಗ್ರೀಕ್, ಲ್ಯಾಟಿನ್ ಬೆರೆಸಿ 'ಹೈಲಕೊಮಿಲುಸ್' ಎಂದೂ ಬರೆದುಕೊಂಡರು. ಕಾಡು, ಕೆರೆ, ಗಿರಣಿ ಮೂರೂ ಅದರೊಳಗಿವೆ.

ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿಕೊಂಡವರು ತುಂಬಾ ಜನ ಇದ್ದರಾ?

15, 16ನೇ ಶತಮಾನದಲ್ಲಿ ಓದಿದವರಲ್ಲಿ ಅದು ರೂಢಿ. ಮುಲ್ಲರ್ ಹೋಗಿ 'ಮೊಲಿಟೋರ್' ಆಯಿತು, ಆ ಹೆಸರು ಈಗಲೂ ಇದೆ. ಖಗೋಳ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ರೆಗಿಯೊಮೊಂಟಾನುಸ್ ಅವರೂ ಹುಟ್ಟಿದ್ದು ಯೋಹಾನಸ್ ಮುಲ್ಲರ್ ಆಗಿಯೇ, 1436ರಲ್ಲಿ. ಊರು ಕ್ಯೋನಿಗ್ಸ್‌ಬೆರ್ಗ್, ಅಂದರೆ ರಾಜನ ಬೆಟ್ಟ. ಅದೇ ಊರ ಹೆಸರು ಲ್ಯಾಟಿನ್ ವೇಷ ಹಾಕಿತು.

ಬೇರೆ ದೇಶಗಳಲ್ಲಿ ಗಿರಣಿಯವನಿಗೆ ಏನು ಹೆಸರು?

ಇಂಗ್ಲೆಂಡಿನಲ್ಲಿ ಮಿಲ್ಲರ್, ಮಿಲ್ನರ್. ಡೆನ್ಮಾರ್ಕಿನಲ್ಲಿ ಮೊಲ್ಲರ್. ಹಾಲೆಂಡಿನಲ್ಲಿ ಮುಲ್ಡರ್, ಮೊಲೆನಾರ್. ಫ್ರಾನ್ಸಿನಲ್ಲಿ ಮ್ಯೂನಿಯೆ. ಇಟಲಿಯಲ್ಲಿ ಮೊಲಿನಾರಿ. ಹಂಗೇರಿಯಲ್ಲಿ ಮೊಲ್ನಾರ್. ಪೋಲೆಂಡಿನಲ್ಲಿ ಮ್ವಿನಾರ್ಸ್ಕಿ. ಉಕ್ರೇನಿನಲ್ಲಿ ಮೆಲ್ನಿಕ್, ರಷ್ಯಾದಲ್ಲಿ ಮೆಲ್ನಿಕೋವ್. ಬಾಯಿಬಿಟ್ಟು ಒಂದಾದ ಮೇಲೆ ಒಂದು ಹೇಳಿ ನೋಡಿ, ಎಲ್ಲದರಲ್ಲೂ 'ಮ', ಹೆಚ್ಚಿನವುಗಳಲ್ಲಿ 'ಲ' ಕೂಡ ಕೇಳಿಸುತ್ತದೆ. ದವಡೆ ಹಲ್ಲಿಗೆ ದಂತವೈದ್ಯರು 'ಮೋಲಾರ್' ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಬೀಸುವ ಹಲ್ಲು.

ಅಮೆರಿಕದ ಮಿಲ್ಲರ್‌ಗಳೆಲ್ಲ ಜರ್ಮನ್ ಮೂಲದವರಾ?

ಎಲ್ಲರೂ ಅಲ್ಲ, ಆದರೆ ತುಂಬಾ ಜನ ಹೌದು. 2010ರ ಅಮೆರಿಕ ಜನಗಣತಿಯಲ್ಲಿ 11 ಲಕ್ಷಕ್ಕೂ ಜಾಸ್ತಿ ಮಿಲ್ಲರ್‌ಗಳಿದ್ದರು. ಕೆಲವರ ಹಿರಿಯರು ಇಂಗ್ಲೆಂಡ್, ಸ್ಕಾಟ್ಲೆಂಡಿನವರು. ಉಳಿದವರಲ್ಲಿ ದೊಡ್ಡ ಪಾಲು ಮುಲ್ಲರ್‌ಗಳದ್ದು. ಓಹಾಯೊದಲ್ಲಿ ಆಮಿಷ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಗಡದವರ ಊರುಗಳಲ್ಲಿ ಮಿಲ್ಲರ್ ಮನೆಗಳು ತೀರಾ ಸಾಮಾನ್ಯ. ಮಿಲ್ವಾಕಿಯಲ್ಲಿ 1855ರಲ್ಲಿ ಬಿಯರ್ ಕಾರ್ಖಾನೆ ತೆಗೆದ ಫ್ರೆಡರಿಕ್ ಮಿಲ್ಲರ್ ಕೂಡ ರೀಡ್ಲಿಂಗನ್ ಎಂಬ ಜರ್ಮನ್ ಊರಿನಲ್ಲಿ ಮುಲ್ಲರ್ ಆಗಿ ಹುಟ್ಟಿದವರು.

ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರದ ಗುಮಾಸ್ತರು ಹೆಸರು ಕೆಡಿಸಿದರು ಎಂಬ ಕಥೆ ಎಲ್ಲರೂ ಹೇಳುತ್ತಾರೆ. ಅದು ನಿಜವಲ್ಲ. ಪಟ್ಟಿ ಬರೆಯುತ್ತಿದ್ದದ್ದು ಹಡಗು ಹತ್ತುವ ಬಂದರಿನಲ್ಲಿ. ಇಲ್ಲಿ ಅದನ್ನು ನೋಡಿ ಸರಿ ಇದೆಯಾ ಎಂದು ಪರೀಕ್ಷಿಸುತ್ತಿದ್ದರು, ಅಷ್ಟೇ. ಆ ಕೇಂದ್ರ ತೆರೆದದ್ದೇ 1892ರಲ್ಲಿ. ಲಕ್ಷಾಂತರ ಜರ್ಮನ್ನರು ಅದಕ್ಕಿಂತ ಮೊದಲೇ ಬಂದಿದ್ದರು. ಪೆನ್ಸಿಲ್ವೇನಿಯಾಕ್ಕೆ ಬಂದ ಎಷ್ಟೋ ಜನ ರೈನ್ ನದಿ ಕಡೆಯ ಪಲಾಟಿನೇಟ್ ಸೀಮೆಯವರು. ಅವರ ಆಡುನುಡಿಯಲ್ಲಿ ಹೆಸರು ಮೊದಲೇ 'ಮಿಲ್ಲರ್' ಎಂದು ಕೇಳಿಸುತ್ತಿತ್ತು. ಬಾಯಲ್ಲಿ ಇದ್ದದ್ದು ಕಾಗದಕ್ಕೆ ಬಂತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನ್ ಹೆಸರು ಕಂಡರೆ ಜನ ಸಿಡುಕುತ್ತಿದ್ದರು. ಆಗ ಬದಲಾಯಿಸಿಕೊಂಡವರೂ ಇದ್ದಾರೆ.

ಇಷ್ಟೊಂದು ಜನ ಒಂದೇ ಹೆಸರಿನವರು. ಗುರುತು ಹಿಡಿಯುವುದು ಹೇಗೆ?

ಜರ್ಮನ್ ಸಂಸತ್ತಿನಲ್ಲಿ ಒಂದೇ ಅಡ್ಡಹೆಸರಿನವರು ಇಬ್ಬರಿದ್ದರೆ ಪಕ್ಕದಲ್ಲಿ ಊರು ಬರೆಯುತ್ತಾರೆ: ಎರ್ಲಾಂಗನ್‌ನ ಮುಲ್ಲರ್, ಬ್ರೌನ್‌ಶ್ವೈಗ್‌ನ ಮುಲ್ಲರ್. 18ನೇ ಶತಮಾನದ ಕವಿ, ಚಿತ್ರಕಾರ ಫ್ರೀಡ್ರಿಷ್ ಮುಲ್ಲರ್ ಅವರನ್ನು ಜನ 'ಚಿತ್ರಕಾರ ಮುಲ್ಲರ್' ಎಂದೇ ಕರೆದರು. ಸ್ವಿಸ್ ಸಸ್ಯಶಾಸ್ತ್ರಜ್ಞ ಹೆರ್ಮನ್ ಮುಲ್ಲರ್ ತಮ್ಮ ಸೀಮೆಯ ಹೆಸರು ಸೇರಿಸಿ ಮುಲ್ಲರ್-ಟುರ್ಗೌ ಆದರು. 1882ರಲ್ಲಿ ಅವರು ಬೆಳೆಸಿದ ದ್ರಾಕ್ಷಿ ತಳಿಗೂ ಅದೇ ಹೆಸರು ನಿಂತಿತು. ಒಬ್ಬರ ಗುರುತಿನ ಕಷ್ಟ ಇವತ್ತು ವೈನ್ ಬಾಟಲಿಯ ಮೇಲೆ ಇದೆ.

ವೈದ್ಯ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮುಲ್ಲೇರಿಯನ್ ನಾಳ ಯೋಹಾನಸ್ ಪೀಟರ್ ಮುಲ್ಲರ್ ಅವರದ್ದು. ಕಣ್ಣಿನ ರೆಟಿನಾದ ಮುಲ್ಲರ್ ಕೋಶ ಹೈನ್ರಿಷ್ ಮುಲ್ಲರ್ ಅವರದ್ದು. ಚಿಟ್ಟೆಗಳ ಮುಲ್ಲೇರಿಯನ್ ಅನುಕರಣೆ ಬ್ರೆಜಿಲ್‌ಗೆ ಹೋಗಿ ನೆಲೆಸಿದ ಫ್ರಿಟ್ಸ್ ಮುಲ್ಲರ್ ಅವರದ್ದು. ಮೂವರೂ ಬೇರೆ ಬೇರೆ.

ಮುಲ್ಲರ್ ಹೆಸರು ಬೇಡ ಅಂದರೆ ಬದಲಾಯಿಸಬಹುದಾ?

ಜರ್ಮನಿಯಲ್ಲಿ ಮನಸ್ಸಿಗೆ ಬಂದ ಹಾಗೆ ಅಡ್ಡಹೆಸರು ಬದಲಾಯಿಸಲು ಬಿಡುವುದಿಲ್ಲ. ಗಟ್ಟಿ ಕಾರಣ ಬೇಕು. ಆದರೆ "ನನ್ನ ಹೆಸರು ತೀರಾ ಸಾಮಾನ್ಯ, ಬೇರೆಯವರ ಜೊತೆ ಗೊಂದಲ ಆಗುತ್ತದೆ" ಎಂಬುದನ್ನು ಒಪ್ಪಬಹುದಾದ ಕಾರಣ ಎಂದೇ ನೋಡುತ್ತಾರೆ. ಮುಲ್ಲರ್, ಶ್ಮಿಟ್, ಮೈಯರ್ ಅಂಥವರಿಗೆ ಅದು ಅನುಕೂಲ.

ಮದುವೆಯಲ್ಲೂ ದಾರಿ ಇದೆ. 1976ರಿಂದ ಗಂಡ ಹೆಂಡತಿಯ ಹೆಸರನ್ನು ತೆಗೆದುಕೊಳ್ಳಬಹುದು. 1990ರ ದಶಕದಿಂದ ಇಬ್ಬರೂ ಅವರವರ ಹೆಸರು ಉಳಿಸಿಕೊಳ್ಳಬಹುದು. 2025ರ ಮೇ 1ರಿಂದ ಇಬ್ಬರೂ ಸೇರಿ ಜೋಡಿ ಹೆಸರು ಇಟ್ಟುಕೊಳ್ಳಲೂ ಅವಕಾಶ ಬಂದಿದೆ.

'ಲೀಸ್ಚೆನ್ ಮುಲ್ಲರ್' ಯಾರು?

ಯಾರೂ ಅಲ್ಲ. ಸಾಧಾರಣ ಹೆಂಗಸು, ಬೀದಿಯಲ್ಲಿ ಹೋಗುವ ಯಾರಾದರೊಬ್ಬರು ಅನ್ನುವುದಕ್ಕೆ ಜರ್ಮನ್ನರು ಬಳಸುವ ಹೆಸರು. "ಇದು ಲೀಸ್ಚೆನ್ ಮುಲ್ಲರ್‌ಗೂ ಅರ್ಥವಾಗಬೇಕು" ಅನ್ನುತ್ತಾರೆ.

ಜರ್ಮನ್‌ನಲ್ಲಿ 'ಮ್ಯುಲ್' ಅಂದರೆ ಕಸ. ಮುಲ್ಲರ್ ಅಂದರೆ ಕಸದವನಾ?

ಅಲ್ಲವೇ ಅಲ್ಲ. 'ಮ್ಯುಲ್' ಕೂಡ ಪುಡಿ ಮಾಡುವುದು, ಅರೆಯುವುದು ಎಂಬ ಮೂಲದಿಂದಲೇ ಬಂದಿದೆ, ಪುಡಿಪುಡಿಯಾದ ಧೂಳು ಎಂಬ ಅರ್ಥದಲ್ಲಿ. ಎರಡು ಪದ ದೂರದ ನೆಂಟರು. ಅಡ್ಡಹೆಸರು ಗಿರಣಿಯದ್ದೇ.

ನೊಬೆಲ್ ಪಡೆದ ಮುಲ್ಲರ್‌ಗಳು ಇದ್ದಾರಾ?

ನಾಲ್ವರು. ಎಕ್ಸ್-ರೇ ತಗುಲಿದರೆ ವಂಶವಾಹಿ ಬದಲಾಗುತ್ತದೆ ಎಂದು ತೋರಿಸಿದ ಅಮೆರಿಕದ ಹರ್ಮನ್ ಜೋಸೆಫ್ ಮುಲ್ಲರ್ 1946ರಲ್ಲಿ. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಎಂದು ಕಂಡುಹಿಡಿದ ಸ್ವಿಸ್ ರಸಾಯನಶಾಸ್ತ್ರಜ್ಞ ಪೌಲ್ ಹೆರ್ಮನ್ ಮುಲ್ಲರ್ 1948ರಲ್ಲಿ. ಭೌತಶಾಸ್ತ್ರದಲ್ಲಿ ಕಾರ್ಲ್ ಅಲೆಕ್ಸ್ ಮುಲ್ಲರ್ 1987ರಲ್ಲಿ. ರುಮೇನಿಯಾದ ಜರ್ಮನ್ ಹಳ್ಳಿಯೊಂದರಲ್ಲಿ ಹುಟ್ಟಿದ ಲೇಖಕಿ ಹೆರ್ಟಾ ಮುಲ್ಲರ್ 2009ರಲ್ಲಿ.

ಮ್ಯಾಕ್ಸ್ ಮುಲ್ಲರ್ ಅವರ ಅಡ್ಡಹೆಸರು ಮುಲ್ಲರ್ ಮಾತ್ರನಾ?

ಹುಟ್ಟಿನಿಂದ ಹೌದು. ಈ ಸಂಸ್ಕೃತ ವಿದ್ವಾಂಸರು 1823ರಲ್ಲಿ ಜರ್ಮನಿಯ ಡೆಸ್ಸೌ ಊರಿನಲ್ಲಿ ಹುಟ್ಟಿದರು. ಪೂರ್ತಿ ಹೆಸರು ಫ್ರೀಡ್ರಿಷ್ ಮ್ಯಾಕ್ಸ್ ಮುಲ್ಲರ್. ಬರೀ ಮುಲ್ಲರ್ ಅಂದರೆ ಗುಂಪಿನಲ್ಲಿ ಕಳೆದುಹೋಗುತ್ತೇನೆ ಅನ್ನಿಸಿ 'ಮ್ಯಾಕ್ಸ್' ಅನ್ನೂ ಅಡ್ಡಹೆಸರಿಗೇ ಸೇರಿಸಿಕೊಂಡರು. ನಾವು ಇವತ್ತಿಗೂ ಎರಡನ್ನೂ ಸೇರಿಸಿಯೇ ಹೇಳುವುದು. ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಗೊಯೆಟೆ ಸಂಸ್ಥೆಗೂ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿದೆ.

ಅವರ ಅಪ್ಪ ವಿಲ್ಹೆಲ್ಮ್ ಮುಲ್ಲರ್ ಕವಿ. ಗಿರಣಿಯವನ ಮಗಳನ್ನು ಪ್ರೀತಿಸಿ ಸೋತ ಹುಡುಗನ ಮೇಲೆ ಕವಿತೆಗಳ ಮಾಲೆ ಬರೆದರು. ಮಗ ಹುಟ್ಟಿದ ವರ್ಷವೇ ಸಂಗೀತ ರಚನಕಾರ ಶೂಬರ್ಟ್ ಅದಕ್ಕೆ ರಾಗ ಹಾಕಿದರು. ಮುಲ್ಲರ್ ಎಂಬ ಹೆಸರಿನ ಕವಿಯ ಗಿರಣಿ ಹಾಡುಗಳನ್ನು ಜಗತ್ತು ಇನ್ನೂ ಹಾಡುತ್ತಿದೆ.

ಮಗ ಆಕ್ಸ್‌ಫರ್ಡ್‌ಗೆ ಹೋಗಿ 1849ರಿಂದ 1874ರವರೆಗೆ ಋಗ್ವೇದವನ್ನು ಸಾಯಣ ಭಾಷ್ಯದ ಜೊತೆ ಅಚ್ಚು ಹಾಕಿಸಿದರು. ಆ ಸಾಯಣಾಚಾರ್ಯರು ಬುಕ್ಕರಾಯನ ಆಸರೆಯಲ್ಲಿ ನಮ್ಮ ವಿಜಯನಗರದಲ್ಲಿದ್ದವರು. ಸಂಸ್ಕೃತದಲ್ಲಿ ತಮ್ಮ ಹೆಸರು ಬರೆಯಬೇಕಾದಾಗ ಅವರು 'ಮೋಕ್ಷಮೂಲರ ಭಟ್ಟ' ಎಂದು ಹಾಕಿಕೊಂಡರು. ಜರ್ಮನಿ 'ಶಾರ್ಮಣ್ಯ ದೇಶ' ಆಯಿತು, ಆಕ್ಸ್‌ಫರ್ಡ್ 'ಗೋತೀರ್ಥ' ಆಯಿತು. ಹಿಟ್ಟಿನ ಗಿರಣಿಯ ಹೆಸರಿನೊಳಗೆ ಮೋಕ್ಷ ಬಂದು ಕೂತದ್ದು ಹೀಗೆ.

ಮುಲ್ಲರ್‌ಗಳಿಗೆ ಮನೆತನದ ಲಾಂಛನ ಇದೆಯಾ?

ಎಲ್ಲರಿಗೂ ಸೇರಿದ್ದು ಅಂತ ಒಂದಿಲ್ಲ. ಬೇರೆ ಬೇರೆ ಕುಟುಂಬಗಳಿಗೆ ಬೇರೆ ಬೇರೆ ಇವೆ. ಅವುಗಳಲ್ಲಿ ಗಿರಣಿಯ ಚಕ್ರ, ಕೆಲವೊಮ್ಮೆ ಅರ್ಧ ಚಕ್ರ, ಜಾಸ್ತಿ ಕಾಣುತ್ತದೆ. "ಮುಲ್ಲರ್ ವಂಶದ ಲಾಂಛನ" ಎಂದು ಚೌಕಟ್ಟು ಹಾಕಿ ಮಾರುವವರಿಗೆ ದುಡ್ಡು ಕೊಡಬೇಡಿ.

ನನ್ನ ಅಜ್ಜಿಯ ಕಡೆಯವರು ಮುಲ್ಲರ್ ಅಂತೆ. ಹಿರಿಯರನ್ನು ಹುಡುಕುವುದು ಹೇಗೆ?

ಹೆಸರು ಹಿಡಿದು ಹುಡುಕಿದರೆ ಸಮುದ್ರದಲ್ಲಿ ಬಿದ್ದ ಹಾಗೆ. ಊರು ಹಿಡಿಯಿರಿ. ಊರು ಗೊತ್ತಾದರೆ 1876ರಿಂದ ಈಚಿನದ್ದಕ್ಕೆ ಅಲ್ಲಿನ ಸರ್ಕಾರಿ ನೋಂದಣಿ ಕಚೇರಿ, ಅದಕ್ಕಿಂತ ಹಿಂದಿನದ್ದಕ್ಕೆ ಆ ಊರಿನ ಚರ್ಚಿನ ಪುಸ್ತಕ. ದೀಕ್ಷಾಸ್ನಾನ, ಮದುವೆ, ಸಮಾಧಿ ಎಲ್ಲ ಅದರಲ್ಲಿರುತ್ತದೆ. ಕ್ಯಾಥೊಲಿಕರಾ, ಪ್ರಾಟೆಸ್ಟೆಂಟರಾ ಎಂದು ಮೊದಲು ತಿಳಿದುಕೊಳ್ಳಿ, ಪುಸ್ತಕ ಬೇರೆ ಬೇರೆ. ಹುಡುಕುವಾಗ ಮಿಲ್ಲರ್, ಮೊಲ್ಲರ್, ಮೊಲಿಟೋರ್ ಎಲ್ಲ ರೂಪಗಳನ್ನೂ ನೋಡಿ. ಪಾದ್ರಿ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರೆ ಅದೇ ಮನುಷ್ಯ ಒಂದು ಪುಟದಲ್ಲಿ ಮುಲ್ಲರ್, ಇನ್ನೊಂದು ಪುಟದಲ್ಲಿ ಮೊಲಿಟೋರ್ ಆಗಿರಬಹುದು. ಅದರ ಜೊತೆ, ಅದು ಹೆಸರೋ ಕೆಲಸವೋ ಎಂದೂ ನೋಡಬೇಕು. ಹಳೆಯ ಪುಸ್ತಕಗಳಲ್ಲಿ 'ಮೊಲಿಟೋರ್' ಅಂದರೆ ಎಷ್ಟೋ ಸಲ ಸುಮ್ನೆ "ಈತ ಗಿರಣಿಯವನು" ಎಂದಷ್ಟೇ.

ಕೊನೆಗೆ, ಮಂಗಳೂರಿನ ಫಾದರ್ ಮುಲ್ಲರ್ ಯಾರು?

ಆಗಸ್ಟಸ್ ಮುಲ್ಲರ್, ಜರ್ಮನಿಯಿಂದ ಬಂದ ಜೆಸುಯಿಟ್ ಪಾದ್ರಿ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಹತ್ತು ವರ್ಷದ ನಂತರ ಕುಷ್ಠ ರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ಆ ರೋಗಿಗಳನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಅಲ್ಲಿಂದ ಬೆಳೆದದ್ದೇ ಇವತ್ತಿನ ಆಸ್ಪತ್ರೆ, ಕಾಲೇಜುಗಳೆಲ್ಲ. ಹೆಸರಿನ ಮೇಲಿನ ಎರಡು ಚುಕ್ಕೆ ಬೋರ್ಡಿನಲ್ಲಿ ಇಲ್ಲ. ನಮ್ಮೂರಲ್ಲಿ ಮಗುವಿಗೆ ಜ್ವರ ಜಾಸ್ತಿಯಾದರೆ ಮನೆಯವರು ಈಗಲೂ ಹೇಳುವುದು ಎರಡೇ ಮಾತು: "ಮುಲ್ಲರ್‌ಗೆ ಹೋಗುವ."